ರಾಲ್ಫಿಂಗ್: ಒಂದು ಭರವಸೆಯ ಚರಿತ್ರೆ

ಕೈಯಿಂದ ಒತ್ತಿ, ತೀಡಿ ದೇಹದ ನಿಲುವನ್ನೇ ತಿದ್ದುತ್ತೇವೆ ಎನ್ನುವ ಪದ್ಧತಿಗಳಲ್ಲಿ ಕಳೆದ ಶತಮಾನದಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮೆರಿಕದ ರಾಲ್ಫಿಂಗ್. ಇದನ್ನು ರೂಪಿಸಿದ ಐಡಾ ರಾಲ್ಫ್ (1896–1979) ಇದನ್ನು 'ಸ್ಟ್ರಕ್ಚರಲ್ ಇಂಟಿಗ್ರೇಷನ್' ಎಂದು ಕರೆಯುತ್ತಿದ್ದರು. ಸ್ನಾಯುಗಳನ್ನು ಸುತ್ತಿಕೊಂಡು ಒಂದಕ್ಕೊಂದು ಬೆಸೆಯುವ ಸಂಯೋಜಕ ಅಂಗಾಂಶದ ಪೊರೆಗೆ ಫೇಷಿಯಾ ಎಂದು ಹೆಸರು. ಕುರಿಮಾಂಸ ಹಚ್ಚುವಾಗ ಕತ್ತಿಗೆ ಅಡ್ಡ ಸಿಗುವ ಬಿಳಿ ಪೊರೆ ಅದೇ. ರಾಲ್ಫ್ ಹೇಳುವಂತೆ, ಪೆಟ್ಟು, ದುರಭ್ಯಾಸ, ವಯಸ್ಸು ಈ ಪೊರೆಯನ್ನು ಕುಗ್ಗಿಸಿ ದಪ್ಪವಾಗಿಸುತ್ತವೆ. ಕೈಯ ಒತ್ತಡ ಅದನ್ನು ಮೆತ್ತಗಾಗಿಸುತ್ತದೆ. ಆಗ ತಲೆ, ಭುಜ, ಸೊಂಟ, ಪಾದಗಳು ಗುರುತ್ವದ ಒಂದೇ ರೇಖೆಗೆ ಬಂದು ಅಲ್ಲೇ ನೆಲೆಗೊಳ್ಳುತ್ತವೆ ಎಂಬುದು ರಾಲ್ಫ್ ಅವರ ಸಿದ್ಧಾಂತ. ಈ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು ಎಂದು ತಿಳಿಯಬೇಕಾದರೆ ಈ ಸಿದ್ಧಾಂತ ಎಲ್ಲಿಂದ ಬಂತು ಎಂದು ಮೊದಲು ನೋಡಬೇಕು. ನೆಟ್ಟಗಿನ ನಿಲುವೇ ಆರೋಗ್ಯ ಎಂಬ ಮಾತಾಗಲಿ, ಒತ್ತಿದರೆ ಪೊರೆ ಕರಗುತ್ತದೆ ಎಂಬ ಮಾತಾಗಲಿ ರೋಗಿಗಳ ದೇಹವನ್ನು ಪರೀಕ್ಷಿಸಿ ಕಂಡುಕೊಂಡದ್ದಲ್ಲ. ಎರಡೂ ರಾಲ್ಫ್ ಬೆಳೆದ ಕಾಲದ ಗಾಳಿಯಲ್ಲೇ ಇದ್ದವು ಎಂಬುದು ನನ್ನ ವಾದ.

ನಿಲುವಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೂನುಬೆನ್ನು ಅಮೆರಿಕದ ಶಿಕ್ಷಿತ ವರ್ಗಕ್ಕೆ ದೊಡ್ಡ ಆತಂಕವಾಗಿತ್ತು. 1914ರಲ್ಲಿ 'ಅಮೆರಿಕನ್ ಪಾಶ್ಚರ್ ಲೀಗ್' ಎಂಬ ಸಂಘವೇ ಹುಟ್ಟಿತು. 1917ರಲ್ಲಿ ಹಾರ್ವರ್ಡ್‌ನ ಹೊಸ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ವೈದ್ಯರು ಅವರಲ್ಲಿ ಶೇಕಡಾ 80ರಷ್ಟು ಮಂದಿಯ ನಿಲುವು ಕೆಟ್ಟದ್ದೆಂದು ತೀರ್ಮಾನಿಸಿದರು. ಹತ್ತರಲ್ಲಿ ಎಂಟು ಮಂದಿ ತಪ್ಪು ಎನಿಸಿಕೊಳ್ಳುವ ಅಳತೆಗೋಲಿನಲ್ಲೇ ಏನೋ ಐಬಿರಬೇಕು ಎಂಬ ಅನುಮಾನ ಆಗ ಹೆಚ್ಚು ಜನರಿಗೆ ಬರಲಿಲ್ಲ. ಹೆಸರಾಂತ ಕಾಲೇಜುಗಳು ವಿದ್ಯಾರ್ಥಿಗಳನ್ನು ಬೆತ್ತಲೆ ನಿಲ್ಲಿಸಿ ನಿಲುವಿನ ಫೋಟೋ ತೆಗೆಯುವ ಪದ್ಧತಿ 1960ರ ದಶಕದವರೆಗೂ ನಡೆಯಿತು. ರಾಲ್ಫ್ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಪದವಿ ಮುಗಿಸಿದ್ದು 1916ರಲ್ಲಿ, ಅಂದರೆ ಈ ಆಂದೋಲನದ ಭರಾಟೆಯ ನಡುವೆಯೇ. ಮುಂದೆ ಅವರ ಪದ್ಧತಿ ತನ್ನ ಮುಖ್ಯ ಸಾಕ್ಷ್ಯವಾಗಿ ಮುಂದಿಟ್ಟದ್ದು ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಫೋಟೋಗಳನ್ನು. ಸಂಸ್ಥೆಯ ಲಾಂಛನ ಕೂಡ ಅಂಥದೇ ಜೋಡಿಚಿತ್ರ: ಒಂದರಲ್ಲಿ ಬಾಲಕನ ದೇಹದ ತುಂಡುಗಳು ಓರೆಕೋರೆಯಾಗಿ ಕೂತಿವೆ, ಇನ್ನೊಂದರಲ್ಲಿ ಒಂದರ ಮೇಲೊಂದು ನೇರವಾಗಿವೆ.

ಕರಗುವ ಪೊರೆಯ ಕಲ್ಪನೆಯ ಮೂಲ ಪ್ರಯೋಗಾಲಯದಲ್ಲಿದೆ. ರಾಲ್ಫ್ 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ರಾಕ್‌ಫೆಲರ್ ಸಂಸ್ಥೆಯಲ್ಲಿ ಫೀಬಸ್ ಲೆವೀನ್ ಜೊತೆ ಲೆಸಿಥಿನ್ ಕುರಿತು ಪ್ರಬಂಧಗಳನ್ನು ಪ್ರಕಟಿಸಿದವರು. ಕಲಿಲಗಳ (ಕೊಲಾಯ್ಡ್‌ಗಳ) ರಸಾಯನಶಾಸ್ತ್ರ ಮೆರೆಯುತ್ತಿದ್ದ ಕಾಲ ಅದು. ಜೀವಕೋಶದ ಬಹುತೇಕ ವಿದ್ಯಮಾನಗಳನ್ನು ಲೋಳೆ ಗಟ್ಟಿಯಾಗುವ, ಮತ್ತೆ ನೀರಾಗುವ ಕ್ರಿಯೆಯಿಂದಲೇ ವಿವರಿಸಬಹುದು ಎಂದು ಹಲವರು ನಂಬಿದ್ದರು. ಅಲ್ಲಾಡಿಸಿದರೆ ತೆಳುವಾಗಿ, ಬಿಟ್ಟರೆ ಹೆಪ್ಪುಗಟ್ಟುವ ಗುಣಕ್ಕೆ ಥಿಕ್ಸೊಟ್ರೊಪಿ ಎಂಬ ಹೆಸರು ಬಿದ್ದದ್ದೂ 1920ರ ದಶಕದಲ್ಲೇ. 1977ರಲ್ಲಿ ತಮ್ಮ ಮುಖ್ಯ ಗ್ರಂಥ ಪ್ರಕಟಿಸಿದಾಗಲೂ ರಾಲ್ಫ್ ಸಂಯೋಜಕ ಅಂಗಾಂಶವನ್ನು ಇದೇ ಪರಿಭಾಷೆಯಲ್ಲಿ ವಿವರಿಸಿದರು. ಇದರ ಜೊತೆಗೆ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದು ಬೆಳೆಸಿದ ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆಯೂ, ನ್ಯೂಯಾರ್ಕ್ ಸಮೀಪದ ನಯಾಕ್‌ನಲ್ಲಿ ಪಿಯರೆ ಬರ್ನಾರ್ಡ್ ಕಲಿಸುತ್ತಿದ್ದ ಯೋಗವೂ ಅವರಿಗೆ ದಕ್ಕಿದ್ದವು. ನಮ್ಮ ಓದುಗರು ಇಲ್ಲಿ ಗಮನಿಸಬೇಕಾದ್ದೊಂದಿದೆ: ಇಂದು ಜಗತ್ತು ಬಲ್ಲ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಕಲಿಸಿದ ಯೋಗಕ್ಕೂ ಇದಕ್ಕೂ ನೇರ ನಂಟಿಲ್ಲ. ಬರ್ನಾರ್ಡ್‌ದು ಅದಕ್ಕೂ ಹಿಂದಿನ, ಬೇರೆಯದೇ ದಾರಿ.

ರಾಲ್ಫ್ ಅವರ ಕೈಚಳಕ ದಶಕಗಳ ಕಾಲ ಸಣ್ಣ ವಲಯಗಳಲ್ಲೇ ಉಳಿದಿತ್ತು. 1960ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಮನೋಚಿಕಿತ್ಸಕ ಫ್ರಿಟ್ಜ್ ಪರ್ಲ್ಸ್ ರಾಲ್ಫ್ ಬಳಿ ಚಿಕಿತ್ಸೆ ಪಡೆದು ಹೊಗಳಿದ ಮೇಲೆ ಅದು ಒಮ್ಮೆಗೇ ಪ್ರಸಿದ್ಧವಾಯಿತು. ಹಳೆಯ ದುಃಖಗಳು ಸ್ನಾಯುಗಳಲ್ಲಿ ಹೂತಿರುತ್ತವೆ, ಒತ್ತಿದರೆ ಹೊರಬರುತ್ತವೆ ಎಂಬ ಮಾತು, ಮೂಲತಃ ಮನೋವಿಶ್ಲೇಷಕ ವಿಲ್ಹೆಲ್ಮ್ ರೈಕ್ ಅವರ ಚಿಂತನೆಯಿಂದ ಬಂದದ್ದು, ಇಲ್ಲಿ ಅಂಟಿಕೊಂಡಿತು. ವಿಪರೀತ ನೋವಿನ ಚಿಕಿತ್ಸೆ ಎಂಬ ಕುಖ್ಯಾತಿಯೂ ಆಗಿನದೇ. ಕ್ರಮ ಮಾತ್ರ ಗೊತ್ತುಪಡಿಸಿದ್ದು. ಚಿಕಿತ್ಸೆ ಹತ್ತು ಸರದಿ, ಪ್ರತಿಯೊಂದೂ ಒಂದು ಗಂಟೆಯ ಆಸುಪಾಸು. ಮೊದಲು ಒಳಉಡುಪಿನಲ್ಲಿ ನಿಲ್ಲಿಸಿ, ನಡೆಸಿ ನೋಡುತ್ತಾರೆ. ಮೊದಲ ಸರದಿಯಲ್ಲಿ ಉಸಿರು ಸಲೀಸಾಗಲೆಂದು ಪಕ್ಕೆಲುಬಿನ ಸುತ್ತ, ಎರಡನೆಯದರಲ್ಲಿ ಪಾದ ಮತ್ತು ಮೊಣಕಾಲ ಕೆಳಗೆ, ಮೂರನೆಯದರಲ್ಲಿ ದೇಹದ ಪಕ್ಕಗಳಲ್ಲಿ ಕೆಲಸ. ಆಮೇಲೆ ಒಳತೊಡೆ, ಹೊಟ್ಟೆ, ಬೆನ್ನು, ಕುತ್ತಿಗೆ. ಕೊನೆಯ ಮೂರು ಸರದಿ ಎಲ್ಲವನ್ನೂ ಹೊಂದಿಸುವುದಕ್ಕೆ. ನಮ್ಮ ಅಭ್ಯಂಜನದಂತೆ ಇಲ್ಲಿ ಎಣ್ಣೆಯ ಧಾರೆಯಿಲ್ಲ. ಬೆರಳ ಗಿಣ್ಣನ್ನೋ ಮೊಣಕೈಯನ್ನೋ ಊರಿ, ಚರ್ಮ ಜಾರದಂತೆ ಹಿಡಿದು, ಒಂದು ಗೇಣು ದೂರವನ್ನು ನಿಧಾನವಾಗಿ ಸಾಗುತ್ತಾರೆ. ಒತ್ತಿಸಿಕೊಂಡವರಿಗೆ ಉರಿದಂತೆ, ಆಮೇಲೆ ಒಳಗೇನೋ ಸಡಿಲಿದಂತೆ ಅನಿಸುತ್ತದೆ.

ಹಾಗೆ ಸಡಿಲಿದ್ದು ಪೊರೆಯೇ? 2008ರಲ್ಲಿ ಹಾನ್ಸ್ ಚೌಧರಿ, ರಾಬರ್ಟ್ ಶ್ಲೈಪ್ ಮತ್ತು ಸಂಗಡಿಗರು ಗಣಿತದ ಮಾದರಿಯೊಂದನ್ನು ಕಟ್ಟಿ ಲೆಕ್ಕ ಹಾಕಿದರು. ತೊಡೆಯ ಹೊರಬದಿಯ ಗಟ್ಟಿ ಪೊರೆಯನ್ನಾಗಲಿ ಅಂಗಾಲಿನ ಪೊರೆಯನ್ನಾಗಲಿ ಶೇಕಡಾ 1ರಷ್ಟು ಅದುಮಲು ಅಥವಾ ಸರಿಸಲು ಬೇಕಾದ ಬಲ ಮನುಷ್ಯನ ಕೈಗೆ ಮೀರಿದ್ದು ಎಂದು ಕಂಡುಬಂತು. ಮೂಗಿನ ಮೇಲಿನ ಮೆದು ಪೊರೆಯಂಥದ್ದು ಮಾತ್ರ ಅಷ್ಟಿಷ್ಟು ಮಣಿಯಬಲ್ಲದು. ಶ್ಲೈಪ್ ಸ್ವತಃ ರಾಲ್ಫಿಂಗ್ ಕಲಿಸಿದವರು ಎಂಬುದನ್ನು ಮರೆಯಬಾರದು. ಇದು ಹೊರಗಿನವರ ಕುಹಕವಲ್ಲ. 2003ರಲ್ಲೇ ಅವರು ಬೇರೊಂದು ವಿವರಣೆ ಮುಂದಿಟ್ಟಿದ್ದರು: ಪೊರೆಯಲ್ಲಿ ಹುದುಗಿರುವ ನರಾಗ್ರಗಳು ಒತ್ತಡವನ್ನು ಗ್ರಹಿಸುತ್ತವೆ, ನರವ್ಯೂಹ ಆ ಭಾಗದ ಸ್ನಾಯುಗಳ ಬಿಗಿಯನ್ನು ಇಳಿಸುತ್ತದೆ, ಅದೇ ಚಿಕಿತ್ಸಕರ ಕೈಗೆ 'ಕರಗಿದಂತೆ' ತೋರುತ್ತದೆ. ಬದಲಾವಣೆ ನಿಮಿಷಗಳಲ್ಲೇ ಆಗುವುದನ್ನು ನೋಡಿದರೆ ಈ ವಿವರಣೆಯೇ ಹೆಚ್ಚು ಒಪ್ಪುವಂಥದ್ದು. ಪೊರೆಯಲ್ಲಿನ ಕೊಲಾಜನ್ ಎಳೆಗಳು ತಮ್ಮನ್ನು ತಾವು ಮರುಜೋಡಿಸಿಕೊಳ್ಳಲು ತಿಂಗಳುಗಳೇ ಬೇಕು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. 2007ರಲ್ಲಿ ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಮೊದಲ ಫೇಷಿಯಾ ಸಂಶೋಧನಾ ಸಮ್ಮೇಳನ ನಡೆದ ಮೇಲೆ ಈ ಪೊರೆ ಜಡ ಹೊದಿಕೆಯಲ್ಲ ಎಂಬುದು ಸ್ಪಷ್ಟವಾಗಿದೆ. ಅದರಲ್ಲಿ ಸಂಕುಚಿಸಬಲ್ಲ ಕೋಶಗಳಿವೆ. ಪದರಗಳ ನಡುವೆ ಜಾರಿಕೆಗೆ ನೆರವಾಗುವ ಹೈಲುರೊನಾನ್ ಇದೆ. ದೀರ್ಘಕಾಲದ ಬೆನ್ನುನೋವಿದ್ದವರ ಸೊಂಟದ ಪೊರೆಯ ಪದರಗಳು ಇತರರಿಗಿಂತ ಸುಮಾರು ಶೇಕಡಾ 20ರಷ್ಟು ಕಡಿಮೆ ಜಾರುತ್ತವೆ ಎಂದು ಹೆಲೀನ್ ಲ್ಯಾಂಜ್‌ವಿನ್ ತಂಡ 2011ರಲ್ಲಿ ಅಲ್ಟ್ರಾಸೌಂಡ್ ಮೂಲಕ ತೋರಿಸಿತು. ಹಾಗಾದರೆ ರಾಲ್ಫ್ ಹೇಳಿದ್ದೇ ಸರಿಯಲ್ಲವೇ ಎನ್ನಬಹುದು. ಆದರೆ ನೋವಿನಿಂದ ಚಲನೆ ಕಡಿಮೆಯಾಗಿ ಪೊರೆ ಬಿಗಿಯಿತೋ, ಪೊರೆ ಬಿಗಿದು ನೋವು ಬಂತೋ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ. ಕೈಯ ಒತ್ತಡದಿಂದ ಆ ಜಾರಿಕೆ ಮರಳುತ್ತದೆ ಎಂಬುದಂತೂ ಅದರ ವಿಷಯವೇ ಅಲ್ಲ. ಫೋಟೋಗಳು ಸುಳ್ಳೇ ಎಂಬುದು ಇನ್ನೊಂದು ಆಕ್ಷೇಪ. ಸುಳ್ಳೆನ್ನಬೇಕಿಲ್ಲ. ತನ್ನ ನಿಲುವಿನ ಬಗ್ಗೆ ಹತ್ತು ವಾರ ಗಮನ ಕೊಟ್ಟ ಮನುಷ್ಯ ಕ್ಯಾಮೆರಾ ಮುಂದೆ ಬೇರೆ ರೀತಿ ನಿಲ್ಲುತ್ತಾನೆ. ಉಸಿರು ಎಳೆದುಕೊಂಡರೂ ಸಾಕು, ಭುಜದ ರೇಖೆ ಬದಲಾಗುತ್ತದೆ. ಮೇಲಾಗಿ, ಬೆನ್ನುಮೂಳೆಯ ಬಾಗಿಗೂ ನೋವಿಗೂ ಬಿಗಿಯಾದ ಕಾರ್ಯಕಾರಣ ಸಂಬಂಧ ಸ್ಥಾಪಿತವಾಗಿಲ್ಲ. 1917ರ ಹಾರ್ವರ್ಡ್ ಅಳತೆಗೋಲು ಎಡವಿದ್ದೂ ಅಲ್ಲೇ.

ಹಾಗೆಂದು ಪ್ರಯೋಜನವೇ ಇಲ್ಲವೆಂದಲ್ಲ. 2015ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಾಯೋಗಿಕ ಅಧ್ಯಯನವೊಂದು ದೀರ್ಘಕಾಲದ ಬೆನ್ನುನೋವಿನ 46 ಮಂದಿಯಲ್ಲಿ ಕೆಲವರಿಗೆ ಎಂದಿನ ಪುನಶ್ಚೇತನ ಚಿಕಿತ್ಸೆ ಮಾತ್ರ, ಉಳಿದವರಿಗೆ ಅದರ ಜೊತೆಗೆ ಸ್ಟ್ರಕ್ಚರಲ್ ಇಂಟಿಗ್ರೇಷನ್ ಕೊಟ್ಟು 20 ವಾರ ಗಮನಿಸಿತು. ನೋವಿನ ಅಳತೆಯಲ್ಲಿ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸ ಸಿಗಲಿಲ್ಲ. ದಿನನಿತ್ಯದ ಕೆಲಸಕ್ಕೆ ಆಗುತ್ತಿದ್ದ ಅಡ್ಡಿ ಮಾತ್ರ ತುಸು ತಗ್ಗಿತು. ಚಿಕಿತ್ಸೆಗೆ ಹೋಗುವವರು ನಿರೀಕ್ಷಿಸಬಹುದಾದ್ದೂ ಹೆಚ್ಚುಕಡಿಮೆ ಇಷ್ಟೇ: ಕೆಲವು ದಿನ ಮೈ ಹಗುರವೆನಿಸುವುದು, ಕತ್ತು ಹೊರಳಿಸುವುದು ಸಲೀಸಾಗುವುದು, ತಾನು ಹೇಗೆ ನಿಲ್ಲುತ್ತೇನೆ ಎಂಬ ಅರಿವು ಚುರುಕಾಗುವುದು, ಜೊತೆಗೆ ಒಂದೆರಡು ದಿನದ ಮೈನೋವು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಹೋಗಬಾರದು. ನೋವು ಹೆಚ್ಚಾದಷ್ಟೂ ಫಲ ಹೆಚ್ಚು ಎಂಬ ಎಸಲೆನ್ ಕಾಲದ ನಂಬಿಕೆಯನ್ನಂತೂ ಈ ಪದ್ಧತಿಯವರೇ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ರಾಲ್ಫ್ ತೀರಿಕೊಂಡು ಹತ್ತು ವರ್ಷದ ಆಸುಪಾಸಿನಲ್ಲಿ ಅವರ ಶಿಷ್ಯರು ಎರಡಾದರು: ಒಂದು ಬಣ ಗುರು ಹಾಕಿಕೊಟ್ಟ ಹತ್ತರ ಕ್ರಮವನ್ನು ಚಾಚೂ ತಪ್ಪದೆ ಹಿಡಿಯಿತು, ಇನ್ನೊಂದು ಹಗುರ ಸ್ಪರ್ಶವನ್ನೂ ಚಲನೆಯ ಪಾಠವನ್ನೂ ಬೆರೆಸಿಕೊಂಡಿತು. ಎರಡೂ ಕಡೆಯವರಿಗೆ ತೃಪ್ತ ರೋಗಿಗಳಿದ್ದಾರೆ. ಗಟ್ಟಿ ಒತ್ತಡದಿಂದ ಪೊರೆಯ ಆಕಾರ ಬದಲಾಗುವುದರಿಂದಲೇ ಗುಣ ಬರುವುದಾಗಿದ್ದರೆ ಹಗುರ ಕೈಯವರ ಬಳಿ ರೋಗಿಗಳು ಉಳಿಯುತ್ತಿರಲಿಲ್ಲ.