ಕೈಫಿಯತ್ತಿನ ಬಳಗ

ಸಂಡೂರಿನ ಗುಡ್ಡಸಾಲಿನಲ್ಲಿ ದೋಣಿಮಲೈ ಎಂಬ ಊರಿದೆ. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿಯನ್ನು ಆರಂಭಿಸಿತು. ಪಾಳಿಯ ಲೆಕ್ಕದಲ್ಲಿ ಬದುಕು ಸಾಗುವ ಇಂಥ ಊರುಗಳಲ್ಲಿ ಇಂದು ಕೈಯಲ್ಲಿರುವ ಫೋನೇ ಹಾಜರಿ ಪುಸ್ತಕ, ಅದೇ ಡಂಗುರ. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪಿನ ಯಾವುದೋ ಒಂದು ಬಳಗಕ್ಕೆ ಸೇರದ ಮನೆಯೇ ಅಪರೂಪ. ಯಾರ ಪಾಳಿ ಬದಲಾಯಿತು, ಶಾಲೆಯ ಸಭೆ ಎಂದು, ನೀರು ಯಾವಾಗ ಬರುತ್ತದೆ ಎಂಬುದೆಲ್ಲ ಕ್ಷಣದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಆದರೂ ಸಂಜೆಯ ಹೊತ್ತಿಗೆ, ‘ಆ ಕೆಲಸವನ್ನು ಯಾರು ಮಾಡಬೇಕಾಗಿತ್ತು?’ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸುದ್ದಿ ಮುಟ್ಟಿದೆ, ಕೆಲಸ ನಿಂತಲ್ಲೇ ನಿಂತಿದೆ.

ದೂರದೂರದಲ್ಲಿರುವ ಹಲವರು ಸೇರಿ ಒಂದೇ ಕೆಲಸವನ್ನು ಕ್ರಮ ತಪ್ಪದಂತೆ ನಡೆಸುವುದು ಹೇಗೆ? ಇದು ಹಳೆಯ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಂಡವರು ದೋಣಿಮಲೈಗೆ ನೆರೆಯದಾದ ಹಂಪೆಯ ನೆಲದಲ್ಲಿಯೇ ಓಡಾಡಿದ್ದರು.

ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದ. ಅರಮನೆಯ ಬಲಗಡೆಗೆ ಕಂಬಗಳ ದೊಡ್ಡ ಕಚೇರಿಯೊಂದನ್ನೂ ಅದರ ಮುಂದಿನ ಎತ್ತರದ ಜಗಲಿಯ ಮೇಲೆ ದಾಖಲೆಗಳೊಡನೆ ಕುಳಿತ ಲಿಪಿಕಾರರನ್ನೂ ಅವನು ವರ್ಣಿಸಿದ್ದಾನೆ. ಅವನು ಕಂಡ ಬರವಣಿಗೆ ಎರಡು ಬಗೆಯದು. ಒಂದು, ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀಚಿದ್ದು. ಅದು ಬಹುಕಾಲ ಉಳಿಯದೆಂದು ಅವನ ಅಭಿಪ್ರಾಯ. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದುಗಲ್ಲಿನ ಲೇಖನಿಯಿಂದ ಬರೆದ ಬಿಳಿಯ ಅಕ್ಷರ; ಇದು ಬಾಳಿಕೆ ಬರುವುದಾದ್ದರಿಂದ ಜನ ಇದನ್ನು ಹೆಚ್ಚು ಗೌರವಿಸುತ್ತಿದ್ದರು. ಹುಣಿಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ನಮ್ಮ ಕಡತವನ್ನು ಬಲ್ಲವರಿಗೆ ಈ ವರ್ಣನೆ ಹೊಸದೆನಿಸದು. ಬಟ್ಟೆಯ ಕಡತ ಹೋದರೂ ಕಚೇರಿಯ ಫೈಲಿಗೆ ನಾವು ಇಂದಿಗೂ ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಬಾಯಿಮಾತು ಹಾರಿಹೋಗುತ್ತದೆ, ಅದು ಬಂದು ನೆಲೆಗೊಳ್ಳಲು ಒಂದು ಸ್ಥಳ ಬೇಕು ಎಂಬ ತಿಳಿವಳಿಕೆ ಆ ಜಗಲಿಯಲ್ಲಿತ್ತು.

ಮೂರೂವರೆ ಶತಮಾನಗಳ ತರುವಾಯ, 1799ರ ವೇಳೆಗೆ, ಹಾಳುಬಿದ್ದ ಹಂಪೆಯ ನಕ್ಷೆ ತೆಗೆಯಲು ಕಾಲಿನ್ ಮೆಕೆಂಜಿ ಬಂದ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ, 1783ರಲ್ಲಿ ಕಂಪನಿಯ ಸೈನ್ಯಕ್ಕೆ ಸೇರಿದವನು; ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ನೆಲವನ್ನು ಅಳೆಯುವುದಷ್ಟೇ ಅವನಿಗೆ ಸಾಲದು. ಊರೂರಿನ ಚರಿತ್ರೆಯೂ ಬೇಕಾಗಿತ್ತು. ಆದರೆ ಅವನಿಗೆ ಈ ದೇಶದ ಭಾಷೆಗಳು ಬಾರವು. ಆ ಕೊರತೆಯನ್ನು ತುಂಬಿದವನು ಏಲೂರಿನ ಕಡೆಯ ತರುಣ, ಕಾವಲಿ ವೆಂಕಟ ಬೋರಯ್ಯ. ಭಾರತೀಯ ವಿದ್ಯೆಯ ಬಾಗಿಲಿಗೆ ತನ್ನನ್ನು ಕರೆದೊಯ್ದವನು ಬೋರಯ್ಯನೇ ಎಂದು ಮೆಕೆಂಜಿ ಮುಂದೆ 1817ರಲ್ಲಿ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ.

ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರ ಒಂದು ಬಳಗ ಹೀಗೆ ಕಟ್ಟಿಕೊಂಡಿತು. ಒಬ್ಬೊಬ್ಬನಿಗೆ ಒಂದೊಂದು ಸೀಮೆ. ಕೈಯಲ್ಲಿ ಪರಿಚಯದ ಪತ್ರ, ಕೇಳಬೇಕಾದ ಪ್ರಶ್ನೆಗಳ ಯಾದಿ. ಶಾನುಭೋಗರು, ಗೌಡರು, ಅರ್ಚಕರು ಹೇಳಿದ ವೃತ್ತಾಂತವನ್ನು ಬರೆದುಕೊಳ್ಳುವುದು, ಅದೇ ಕೈಫಿಯತ್ತು. ಎಲ್ಲಿಗೆ ಹೋದೆ, ಯಾರನ್ನು ಕಂಡೆ, ಏನು ದೊರೆಯಿತು, ಏನು ಬಾಕಿ ಉಳಿಯಿತು ಎಂಬುದನ್ನು ದಿನಚರಿಯಲ್ಲಿ ದಾಖಲಿಸಿ ಮೇಲಿನವರಿಗೆ ಕಳುಹಿಸುವುದು. ಈ ಕೆಲಸ ಸುಲಭದ್ದಾಗಿರಲಿಲ್ಲ. ತಾಮ್ರಪಟ ತೋರಿಸಿದರೆ ಇನಾಂ ಭೂಮಿ ಹೋದೀತು, ಕಂದಾಯ ಏರೀತು ಎಂದು ಜನ ಅಂಜುತ್ತಿದ್ದರು. ಒಬ್ಬರ ವಿಶ್ವಾಸ ಗಳಿಸಿದ ಮೇಲೆಯೇ ಮತ್ತೊಬ್ಬರ ಮನೆಯ ಬಾಗಿಲು ತೆರೆಯುತ್ತಿತ್ತು. ಹಂಪೆಯ ಪಕ್ಕದ ಕಮಲಾಪುರದಲ್ಲಿ, 1801ರಲ್ಲಿ, ಆನೆಗೊಂದಿ ರಾಜಮನೆತನದ ತಿಮ್ಮಪ್ಪ ತನ್ನ ವಂಶದ ಕಥೆಯನ್ನು ಬಾಯಲ್ಲಿ ಹೇಳಿ ಮೆಕೆಂಜಿಗೆ ಬರೆಸಿದ್ದು ಇಂಥ ವಿಶ್ವಾಸದ ಫಲವೇ.

1803ರಲ್ಲಿ ಬೋರಯ್ಯ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಬಳಗ ಒಡೆಯಲಿಲ್ಲ, ಎಳೆಗಳೆಲ್ಲ ಲಕ್ಷ್ಮಯ್ಯನ ಕೈಗೆ ಬಂದವು. 1821ರಲ್ಲಿ ಮೆಕೆಂಜಿಯೂ ಸತ್ತಾಗ ಕಂಪನಿ ಸರ್ಕಾರ ಅವನ ಸಂಗ್ರಹವನ್ನು ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಪಟ್ಟಿಯಲ್ಲಿ ಶಾಸನಗಳ ಪ್ರತಿಗಳೇ 8,076, ನಾಣ್ಯಗಳು 6,218. ಒಬ್ಬನಿಂದ ಆಗುವ ಮಾತೆ ಇದು?

ಉಳಿದ ಕೆಲಸವನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯ ಕೇಳಿಕೊಂಡ. ಯಾವ ಕಾಗದ ಯಾವ ಊರಿನದು, ಯಾರ ಬಾಯಿಂದ ಬಂದದ್ದು ಎಂಬುದನ್ನು ಅವನಷ್ಟು ಬಲ್ಲವರು ಬೇರೆ ಯಾರಿದ್ದರು? ಆದರೆ 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಕಾರ್ಯದರ್ಶಿಯಾಗಿದ್ದ ಬಂಗಾಳದ ಏಷ್ಯಾಟಿಕ್ ಸೊಸೈಟಿ, ಅವನ ಯೋಗ್ಯತೆ ಇಂಥ ಕೆಲಸಕ್ಕೆ ಸಾಲದೆಂದು ಆ ಬೇಡಿಕೆಯನ್ನು ತಳ್ಳಿಹಾಕಿತು. ಕಾಗದಗಳ ಪರಿಶೀಲನೆ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು. ರಾಶಿ ಉಳಿಯಿತು, ಅದನ್ನು ಕೂಡಿಸಿದ ಬಳಗ ಚದುರಿತು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬರಲು 1994ರವರೆಗೆ ಕಾಯಬೇಕಾಯಿತು.

ಅಂದು ಒಂದು ಪತ್ರ ಊರಿಂದೂರಿಗೆ ತಲುಪಲು ದಿನಗಟ್ಟಲೆ ಬೇಕಾಗುತ್ತಿತ್ತು. ಆದರೂ ಆ ಕೆಲಸ ಕೆಡಲಿಲ್ಲ. ಏಕೆಂದರೆ ಯಾವುದು ಯಾರ ಪಾಲಿನದು, ಎಷ್ಟು ಆಗಿದೆ, ಎಷ್ಟು ಬಾಕಿ ಎಂಬುದು ಬರಹದಲ್ಲಿತ್ತು, ಮತ್ತು ಅದನ್ನು ಒಟ್ಟುಗೂಡಿಸಿ ಇಡುವ ಒಬ್ಬನಿದ್ದ. ಇಂದಿನ ಬಳಗಗಳಲ್ಲಿ ವೇಗಕ್ಕೆ ಕೊರತೆಯಿಲ್ಲ. ನೂರು ಶುಭೋದಯಗಳ ನಡುವೆ ಹುದುಗಿಹೋಗುವ ಒಂದು ಕೆಲಸದ ಮಾತನ್ನು ಹೆಕ್ಕಿ, ಹೆಸರು ದಿನಾಂಕಗಳೊಡನೆ ಒಂದೆಡೆ ಬರೆದಿಡುವವರು ಬೇಕು. ಅಂಥವರು ಪ್ರತಿ ಗಣಿಯಲ್ಲಿ, ಕಚೇರಿಯಲ್ಲಿ, ಮಹಿಳಾ ಸಂಘದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಬಹುಮಟ್ಟಿಗೆ ಅವರಿಗೆ ದೊಡ್ಡ ಹುದ್ದೆ ಇರುವುದಿಲ್ಲ. ಲಕ್ಷ್ಮಯ್ಯನಿಗೆ ಸೊಸೈಟಿ ಹೇಳಿದ ಉತ್ತರವನ್ನು ನಾವು ಅವರಿಗೆ ಹೇಳದಿದ್ದರೆ ಸಾಕು.