ಬೆನ್ನುಹುರಿಯ ಗೆಡ್ಡೆ ಪತ್ತೆಗೆ ಗಸಗಸೆ ಎಣ್ಣೆ

ಬೆನ್ನುಮೂಳೆಯ ನಾಳದೊಳಗೆ ಬೆಳೆಯುವ ಗೆಡ್ಡೆ ಕಣ್ಣಿಗೆ ಕಾಣದು, ಕೈಗೂ ಸಿಗದು. ನಾಳವೋ ಬಲು ಇಕ್ಕಟ್ಟು. ಸುತ್ತಲೂ ಮೂಳೆಯ ಕೋಟೆ. ಗೆಡ್ಡೆ ಚಿಕ್ಕದಾದರೂ ಬೆನ್ನುಹುರಿಯನ್ನು ಒತ್ತುತ್ತದೆ. ಮೊದಲು ನೋವು, ಬಳಿಕ ಜೋಮು, ಕೊನೆಗೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಅದು ಎಲ್ಲಿದೆ ಎಂದು ತಿಳಿಯದೆ ಶಸ್ತ್ರಚಿಕಿತ್ಸೆ ಮಾಡುವುದೆಂತು?

1887ರಲ್ಲಿ, ಎಕ್ಸ್-ರೇ ಇನ್ನೂ ಬಾರದ ಕಾಲದಲ್ಲಿ, ಲಂಡನ್ನಿನ ವೈದ್ಯರು ಈ ಪ್ರಶ್ನೆಯನ್ನು ಎದುರಿಸಿದರು. ನೋವಿನ ಜಾಗ, ಸ್ಪರ್ಶಜ್ಞಾನ ತಪ್ಪಿದ ಎಲ್ಲೆ ಇವುಗಳ ಆಧಾರದಿಂದ ನರರೋಗ ತಜ್ಞ ವಿಲಿಯಂ ಗೋವರ್ಸ್ ಗೆಡ್ಡೆಯ ಸ್ಥಾನವನ್ನು ಅಂದಾಜು ಮಾಡಿದರು. ವಿಕ್ಟರ್ ಹಾರ್ಸ್ಲಿ ಅಲ್ಲಿ ತೆರೆದು ನೋಡಿದರೆ ಗೆಡ್ಡೆ ಇರಲಿಲ್ಲ. ಇನ್ನಷ್ಟು ಮೇಲಕ್ಕೆ ಮೂಳೆ ತೆಗೆದಾಗ ಸಿಕ್ಕಿತು. ಕಾಲಿನ ಶಕ್ತಿ ಕಳೆದುಕೊಂಡಿದ್ದ ರೋಗಿ ಮತ್ತೆ ನಡೆದಾಡಿದ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದರೂ ಸಮಸ್ಯೆ ಬಗೆಹರಿಯಲಿಲ್ಲ. ಆ ಕಿರಣಗಳು ಮೂಳೆಯನ್ನು ತೋರಿಸಿದವೇ ಹೊರತು ಮೆತ್ತನೆಯ ಬೆನ್ನುಹುರಿಯನ್ನಾಗಲಿ, ಗೆಡ್ಡೆಯನ್ನಾಗಲಿ ತೋರಿಸಲಿಲ್ಲ. ಅಮೆರಿಕದ ವಾಲ್ಟರ್ ಡ್ಯಾಂಡಿ 1919ರಲ್ಲಿ ನಾಳದೊಳಗೆ ಗಾಳಿ ತುಂಬಿ ಚಿತ್ರ ತೆಗೆಯುವ ವಿಧಾನ ಸೂಚಿಸಿದರು. 1920ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೆ ಅಯೋಡಿನ್ ಬೆರೆತ ಗಸಗಸೆ ಎಣ್ಣೆ ‘ಲಿಪಿಯೋಡಾಲ್’ ಬಳಸಿದರು. ಅಯೋಡಿನ್ ಎಕ್ಸ್-ರೇಯನ್ನು ತಡೆಯುವುದರಿಂದ ಎಣ್ಣೆ ಚಿತ್ರದಲ್ಲಿ ಎದ್ದು ಕಾಣುತ್ತಿತ್ತು. ಬೆನ್ನುಹುರಿಯ ಸುತ್ತಲಿನ ದ್ರವಕ್ಕಿಂತ ಭಾರವಾದ ಈ ಎಣ್ಣೆ ಕೆಳಗಿಳಿಯುತ್ತಾ ಎಲ್ಲಿ ತಡೆದು ನಿಂತಿತೋ ಅಲ್ಲಿಯೇ ಅಡ್ಡಿ! ಈ ಪರೀಕ್ಷೆಗೆ ‘ಮೈಲೋಗ್ರಾಂ’ ಎಂಬ ಹೆಸರು ಬಂತು.

ಆದರೆ ಇದಕ್ಕೆ ರೋಗಿ ಬೆಲೆ ತೆರಬೇಕಿತ್ತು. ಸೂಜಿ ಚುಚ್ಚಿಸಿಕೊಳ್ಳಬೇಕು, ನಾಳದಲ್ಲೇ ಉಳಿದ ಎಣ್ಣೆಯಿಂದ ಕೆಲವರಿಗೆ ಬೆನ್ನುಹುರಿಯ ಪೊರೆಗಳಲ್ಲಿ ಉರಿಯೂತವೂ ಆಗುತ್ತಿತ್ತು. 1970ರ ದಶಕದಲ್ಲಿ ನೀರಿನಲ್ಲಿ ಕರಗುವ ಔಷಧ ಮತ್ತು ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಈ ಕಷ್ಟ ತಗ್ಗಿತು.

ನಿಜವಾದ ತಿರುವು ತಂದದ್ದು ಎಂ.ಆರ್.ಐ. ಇದರ ತತ್ವಕ್ಕೆ ಬುನಾದಿ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಪ್ರಬಲ ಕಾಂತಕ್ಷೇತ್ರದಲ್ಲಿ ನೀಡುವ ಸಂಕೇತಗಳಿಂದ ಮೂಡುವ ಈ ಚಿತ್ರದಲ್ಲಿ ಬೆನ್ನುಹುರಿಯೇ ಕಾಣುತ್ತದೆ. ಗೆಡ್ಡೆ ಹುರಿಯ ಒಳಗಿದೆಯೋ, ಹೊರಗಿದೆಯೋ ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಎಂ.ಆರ್.ಐ. ಮಾಡಲಾಗದ ರೋಗಿಗಳಿಗೆ ಸಿ.ಟಿ. ಜೊತೆಗಿನ ಮೈಲೋಗ್ರಾಂ ಇಂದಿಗೂ ಆಸರೆ.

ಆದರೂ ಬೆನ್ನಿನ ಯಾವ ಭಾಗದ ಚಿತ್ರ ತೆಗೆಯಬೇಕೆಂದು ಯಂತ್ರ ಹೇಳದು. ಜೋಮು ಎಲ್ಲಿಂದ ಶುರುವಾಯಿತು, ಕಾಲು ಸೋತದ್ದು ಯಾವಾಗ ಎಂದು ಗೋವರ್ಸ್‌ರಂತೆ ವೈದ್ಯರು ಇಂದಿಗೂ ಕೇಳಲೇಬೇಕು. ರೋಗಿಯೂ ತಡಮಾಡದೆ ಹೇಳಬೇಕು.