ಹಳೆಯ ಕನ್ನಡ ಫೈಲಿನಲ್ಲಿ ಇಂಗ್ಲಿಷ್ ಗೋಜಲು: ಫೈಲ್ ನಿಜಕ್ಕೂ ಕೆಟ್ಟಿದೆಯೇ?

ಚನ್ನಪಟ್ಟಣ ತಾಲೂಕಿನ ಅಕ್ಕೂರಿನ ಒಂದು ಮನೆಯಲ್ಲಿ ಹೀಗಾಯಿತೆಂದು ಭಾವಿಸಿ. ಅಜ್ಜ ಹೇಳಿ ಬರೆಸಿದ ಮನೆತನದ ವಿವರವನ್ನು 2006ರಲ್ಲಿ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಲಾಗಿತ್ತು. ಅಜ್ಜ ಈಗಿಲ್ಲ. ಮುದ್ರಿಸಿದ ಹಾಳೆಗಳೂ ಸಿಗುತ್ತಿಲ್ಲ. ಉಳಿದಿರುವುದು ಒಂದು ಫೈಲ್ ಮಾತ್ರ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ವಿಚಿತ್ರ ಅಕ್ಷರಗಳು ಪುಟದ ತುಂಬ ಇವೆ. "ವೈರಸ್ ಹೊಡೆದಿದೆ, ಡಿಲೀಟ್ ಮಾಡು" ಎಂದು ಯಾರೋ ಸಲಹೆ ಕೊಡುತ್ತಾರೆ.

ದಯವಿಟ್ಟು ಡಿಲೀಟ್ ಮಾಡಬೇಡಿ. ಬಹುತೇಕ ಸಂದರ್ಭಗಳಲ್ಲಿ ಇಂತಹ ಫೈಲ್ ಕೆಟ್ಟಿರುವುದಿಲ್ಲ, ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಅಜ್ಜನ ಮಾತುಗಳು ಅಲ್ಲೇ ಇವೆ. ಅವುಗಳನ್ನು ಕನ್ನಡವಾಗಿ ತೋರಿಸುವ ಫಾಂಟ್ ಮಾತ್ರ ನಿಮ್ಮ ಮೊಬೈಲಿನಲ್ಲಿಲ್ಲ.

ಹೀಗೇಕೆ ಆಗುತ್ತದೆ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದು ಸಂಖ್ಯೆಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಇಂಗ್ಲಿಷಿಗಾಗಿ ರೂಪುಗೊಂಡ ಆಸ್ಕಿ ಪದ್ಧತಿಯಲ್ಲಿ 128 ಸ್ಥಾನಗಳಿದ್ದವು. ಅದನ್ನು ವಿಸ್ತರಿಸಿದಾಗ 256 ಆದವು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಸಾವಿರಾರು ರೂಪಗಳಾಗುತ್ತವೆ. ಅಷ್ಟನ್ನೂ 256 ಸ್ಥಾನಗಳಲ್ಲಿ ತುಂಬಿಸುವುದು ಹೇಗೆ?

ಇದಕ್ಕೆ ಅಂದಿನ ತಂತ್ರಜ್ಞರು ಒಂದು ಜಾಣ ಉಪಾಯ ಹುಡುಕಿದರು. ಅಕ್ಷರಗಳನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಇಂಗ್ಲಿಷ್ ಅಕ್ಷರ ಅಥವಾ ಚಿಹ್ನೆಯ ಜಾಗದಲ್ಲಿ ಕೂರಿಸಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳು ಕೆಲಸ ಮಾಡಿದ್ದು ಹೀಗೆಯೇ.

ನುಡಿಯಲ್ಲಿ 'ಕನ್ನಡ' ಎಂಬ ಪದವನ್ನೇ ನೋಡಿ. 'ಕ'ದ ಬುಡ ಇಂಗ್ಲಿಷಿನ 'ಪಿ' ಜಾಗದಲ್ಲಿದೆ, ಅದರ ಸಂಖ್ಯೆ 80. ತಲೆಕಟ್ಟು ಪ್ರತ್ಯೇಕ ತುಂಡು, ಅದು ಗೀಟು ಹೊತ್ತ 'ಎ' ಜಾಗದಲ್ಲಿದೆ. 'ನ'ಕ್ಕೆ ಪೌಂಡ್ ಚಿಹ್ನೆ, ಅದರ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ. ಹೀಗೆ ಇಡೀ ಪದಕ್ಕೆ ಏಳು ತುಂಡುಗಳು. ನುಡಿ ಫಾಂಟ್ ಇದ್ದರೆ ಈ ತುಂಡುಗಳು ಜೋಡಿಸಿಕೊಂಡು 'ಕನ್ನಡ' ಎಂದು ಕಾಣುತ್ತವೆ. ಫಾಂಟ್ ಇಲ್ಲದಿದ್ದರೆ ಕಂಪ್ಯೂಟರ್ ತನಗೆ ಗೊತ್ತಿರುವುದನ್ನೇ ತೋರಿಸುತ್ತದೆ. 80 ಎಂದರೆ ಅದಕ್ಕೆ 'ಪಿ' ಅಷ್ಟೆ.

ಯೂನಿಕೋಡ್ ತಂದ ಬದಲಾವಣೆ

1991ರಲ್ಲಿ ಬಂದ ಯೂನಿಕೋಡ್ ಪದ್ಧತಿ ಜಗತ್ತಿನ ಲಿಪಿಗಳಿಗೆ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟಿತು. ಕನ್ನಡಕ್ಕೆ ಸಿಕ್ಕಿದ್ದು 3200ರಿಂದ 3327ರವರೆಗಿನ 128 ಸ್ಥಾನಗಳು. ಇಲ್ಲಿ 'ಕ' ಎಂದರೆ 3221. ಆ ಸಂಖ್ಯೆ ಬೇರಾವ ಭಾಷೆಯ ಅಕ್ಷರವೂ ಅಲ್ಲ. ನೀವು ಈಗ ಓದುತ್ತಿರುವ ಬರಹ, ವಾಟ್ಸ್ಆ್ಯಪ್‌ನಲ್ಲಿ ಬರುವ ಕನ್ನಡ ಸಂದೇಶ ಎಲ್ಲವೂ ಯೂನಿಕೋಡ್. ಆದ್ದರಿಂದಲೇ ಅವು ಯಾವ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತವೆ.

ಲಕ್ಷಣ ನೋಡಿ ಕಾರಣ ತಿಳಿಯಿರಿ

ಇಂಗ್ಲಿಷ್ ಗೋಜಲು ಕಂಡರೆ: ಅದು ಹಳೆಯ ಆಸ್ಕಿ ಫಾಂಟಿನ ಬರಹ. ಮರಳಿ ಪಡೆಯಬಹುದು.

ಖಾಲಿ ಚೌಕಗಳು ಕಂಡರೆ: ಬರಹ ಯೂನಿಕೋಡಿನಲ್ಲಿದೆ, ಆದರೆ ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಬೇರೆ ಸಾಧನದಲ್ಲಿ ತೆರೆದರೆ ಸರಿಯಾಗುತ್ತದೆ.

ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ: ಇದು ನಿಜವಾದ ನಷ್ಟ ಆಗಿರಬಹುದು. ಯೂನಿಕೋಡ್ ಕನ್ನಡವನ್ನು ನೋಟ್‌ಪ್ಯಾಡ್‌ನಲ್ಲಿ 'ಆನ್ಸಿ' ಎಂದು ಸೇವ್ ಮಾಡಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಕೂರುತ್ತವೆ. ಬೇರೆ ಪ್ರತಿ ಇದೆಯೇ ಹುಡುಕಿ.

ಮರಳಿ ಪಡೆಯುವುದು ಹೇಗೆ?

ಮೊದಲು ಫೈಲಿನ ಪ್ರತಿಯೊಂದನ್ನು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ.

ಮೊಬೈಲಿನ ಬದಲು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಫೈಲ್ ತೆರೆಯಿರಿ. ವರ್ಡ್ ಫೈಲಾದರೆ ಫಾಂಟಿನ ಹೆಸರು ಅದರಲ್ಲೇ ಇರುವುದರಿಂದ ಸಾಮಾನ್ಯವಾಗಿ ತಾನಾಗಿ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಎಲ್ಲವನ್ನೂ ಆಯ್ಕೆ ಮಾಡಿ ನುಡಿಯ ಫಾಂಟ್ ಹಚ್ಚಿ. ಆಗಲೂ ಅರ್ಥವಿಲ್ಲದ ಕನ್ನಡ ಬಂದರೆ, ಶ್ರೀಲಿಪಿಯಂತಹ ಬೇರೆ ತಂತ್ರಾಂಶದಲ್ಲಿ ಟೈಪ್ ಮಾಡಿರಬಹುದು. ಒಂದೊಂದು ತಂತ್ರಾಂಶ ತುಂಡುಗಳನ್ನು ಒಂದೊಂದು ಜಾಗದಲ್ಲಿ ಇಟ್ಟಿರುತ್ತದೆ.

ಕನ್ನಡ ಕಂಡ ಕೂಡಲೇ ಪಿಡಿಎಫ್ ಮಾಡಿಟ್ಟರೆ ಸಾಕೇ? ಓದಲು ಸಾಕು. ಆದರೆ ಅದರಿಂದ ಕಾಪಿ ಮಾಡಿದರೆ ಮತ್ತೆ ಗೋಜಲೇ ಬರುತ್ತದೆ. ಅಜ್ಜನ ಹೆಸರು ಕೊಟ್ಟು ಹುಡುಕಿದರೆ ಸಿಗುವುದಿಲ್ಲ, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಆದ್ದರಿಂದ ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸಿಡುವುದೇ ಒಳ್ಳೆಯದು. ಈ ಸೌಲಭ್ಯ ನುಡಿ ಮತ್ತು ಬರಹ ಎರಡರಲ್ಲೂ ಇದೆ.

ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಾಡಿಸಿ. ಮೊದಲನೆಯದು ಅರ್ಕಾವೊತ್ತು. 'ವರ್ಷ' ಪದದಲ್ಲಿ ಅದು ಹಳೆಯ ಫೈಲಿನಲ್ಲಿ 'ಷ'ದ ನಂತರ ಇರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಎರಡನೆಯದು ನಡುವೆ ಇದ್ದ ಇಂಗ್ಲಿಷ್ ಪದಗಳು. ಅವನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಪರಿವರ್ತಕ ಅಸಂಬದ್ಧ ಮಾಡಿರಬಹುದು. ಹೆಸರು, ಇಸವಿ, ಸರ್ವೆ ನಂಬರುಗಳನ್ನು ಮೂಲದೊಡನೆ ಹೋಲಿಸಿ ನೋಡಿ.

ಹಳೆಯ ಸಿಡಿ, ಪೆನ್‌ಡ್ರೈವ್‌ಗಳು ಶಾಶ್ವತವಲ್ಲ. ನಿಮ್ಮ ಮನೆಯಲ್ಲೂ, ಊರಿನ ಸಂಘದಲ್ಲೂ ಇಂತಹ ಫೈಲುಗಳಿದ್ದರೆ ಅವು ಓದುವ ಸ್ಥಿತಿಯಲ್ಲಿರುವಾಗಲೇ ಯೂನಿಕೋಡಿಗೆ ಬದಲಿಸಿ, ಎರಡು ಕಡೆ ಉಳಿಸಿಡಿ. ತೆರೆ ಮೇಲೆ ಕಂಡ ಗೋಜಲಿಗೆ ಹೆದರಿ ಡಿಲೀಟ್ ಮಾಡಿದರೆ ಮಾತ್ರ ಆ ಮಾತುಗಳು ನಿಜವಾಗಿಯೂ ಹೋಗುತ್ತವೆ.